ಕೆರೆಯ ದಾರಿ ತೋರಿದ ಕೈಮರ

ಬೆಟ್ಟದ ಮೇಲಿನ ಕೆರೆಗೆ ಹೋಗುವಾಗ ನನ್ನಷ್ಟು ಸಲ ದಾರಿ ತಪ್ಪಿದವರು ಈ ಸೀಮೆಯಲ್ಲೇ ಇಲ್ಲ. ಹಾಗಾಗಿ ಈ ಕಥೆ ಹೇಳುವ ಹಕ್ಕು ನನಗೊಬ್ಬನಿಗೇ ಇದೆ.

ಅಲ್ಲಿನ ಕವಲುದಾರಿಯಲ್ಲಿ ಒಂದು ಕೈಮರವಿತ್ತು. ಅದರ ಒಂದು ಕೈ ಕೆರೆಗೆ, ಇನ್ನೊಂದು ಕೈ ಮಕ್ಕಳ ಉದ್ಯಾನಕ್ಕೆ. ಕೋತಿಗಳು ಜೋತಾಡಿ ಜೋತಾಡಿ ಅದನ್ನು ಅರ್ಧ ಸುತ್ತು ತಿರುಗಿಸಿಬಿಟ್ಟಿದ್ದವು. ಇದು ಕೈಮರಕ್ಕೇ ಗೊತ್ತಿರಲಿಲ್ಲ.

ಉದ್ಯಾನದ ಮರಳಿನಲ್ಲಿ ಮೊಟ್ಟೆಯಿಟ್ಟ ಆಮೆಯೊಂದು ಬಿಸಿಲಿಗೆ ಒಣಗಿ, ಕೆರೆಗೆ ಮರಳುತ್ತಿತ್ತು.

"ಅಣ್ಣಾ, ಕೆರೆ ಈ ಕಡೆಯಲ್ಲವೇ? ನೀರಿನ ವಾಸನೆ ಬರುತ್ತಿದೆ," ಎಂದು ಕೈಮರವನ್ನು ಕೇಳಿತು.

"ತಾಯಿ, ಹಗಲಿರುಳು ದಾರಿ ತೋರಿಸುವವನು ನಾನು. ನನಗೇ ದಾರಿ ಹೇಳುತ್ತೀರಾ? ಕೆರೆ ಆ ಕಡೆ!"

ಆಮೆ ತಬ್ಬಿಬ್ಬಾಗಿ ಆ ಕಡೆಗೇ ನಡೆಯಿತು. ಸಿಕ್ಕಿದ್ದು ಅದೇ ಉದ್ಯಾನ, ಅದೇ ಜಾರುಬಂಡೆ. ಬಾಯಾರಿ ಹಿಂತಿರುಗಿತು.

"ಅಣ್ಣಾ, ಅಲ್ಲಿ ಕೆರೆಯೇ ಇಲ್ಲವಲ್ಲ!"

"ನಿಮ್ಮ ನಡಿಗೆ ನೋಡಿಕೊಳ್ಳಿ! ನೀವು ತಲುಪುವಷ್ಟರಲ್ಲಿ ಕೆರೆ ಕಾದು ಕಾದು ಎದ್ದುಹೋಗಿರಬೇಕು. ಬೇಗ ನಡೆಯಿರಿ!"

"ತಪ್ಪಾಯಿತಣ್ಣಾ," ಎಂದು ಆಮೆ ಓಡಿತು. ಮತ್ತೆ ಜಾರುಬಂಡೆ.

ಮೂರನೆಯ ಸಲ ಬಂದಾಗ ಅದಕ್ಕೆ ಮಾತಾಡುವ ತ್ರಾಣವೂ ಇರಲಿಲ್ಲ. ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು. ಒಳಗೆ ಕೈಮರ ಕಾಣಲಿಲ್ಲ, ಅದರ ಮಾತೂ ಕೇಳಲಿಲ್ಲ, ನೀರಿನ ವಾಸನೆಯೊಂದೇ ಉಳಿಯಿತು. ಆಮೆ ಆ ವಾಸನೆಯ ಹಿಂದೆಯೇ ಹೆಜ್ಜೆ ಹಾಕಿತು. ಸ್ವಲ್ಪ ಹೊತ್ತಿಗೆ ಅದು ಹೋದ ಕಡೆಯಿಂದ 'ಬುಳುಕ್' ಎಂದು ನೀರಿನ ಸದ್ದು ಕೇಳಿಸಿತು.

ಆ ಸದ್ದನ್ನು ನಾನೂ ಕೈಮರದ ಬಳಿಯೇ ನಿಂತು ಕೇಳಿದೆ. ಆದರೆ ನಾನು ಆಮೆಯಂತಲ್ಲ, ಓದು ಬಲ್ಲವನು! ಕೈಮರವನ್ನು ಇನ್ನೊಮ್ಮೆ ಚೆನ್ನಾಗಿ ಓದಿಕೊಂಡು, ಕೆರೆ ನೋಡಲೆಂದು ನಾಲ್ಕನೆಯ ಸಲ ಜಾರುಬಂಡೆಯ ಕಡೆ ಹೊರಟೆ.