ಮೊಟ್ಟೆ ಇಟ್ಟ ಕೋಳಿ ಜೊತೆ ಹುಂಜಾನೂ ಯಾಕೆ ಕೂಗುತ್ತೆ

ಲೋಕ ಆಗಿನ್ನೂ ಹಸಿಹಸಿ ಇತ್ತು. ಬೆಟ್ಟ ಮುಟ್ಟಿದ್ರೆ ಬೆರಳಿಗೆ ಮಣ್ಣು ಅಂಟ್ತಿತ್ತು. ಆಗ ಕೋಳಿಗಳು ಸದ್ದೇ ಇಲ್ದೆ ಮೊಟ್ಟೆ ಇಡ್ತಿದ್ವು.

ಕೋಳಿಗೆ ಮೊದಲ ಸಲ ಮನೆ ಕಟ್ಟಿದವಳು ಚಿಕ್ಕತಾಯಮ್ಮ. ಒಂದಲ್ಲ, ಎರಡು ಕಟ್ಟಿದ್ಳು. ಮೊಟ್ಟೆ ಇಡೋ ಕೋಳಿಗಳಿಗೆ ಕಂಬದ ಮೇಲೆ ಎತ್ತರದ ಗೂಡು. ಒಳಗೆ ಹುಲ್ಲು ಹಾಸಿದ ಬುಟ್ಟಿಗಳು, ಕೂರೋಕೆ ಬಿದಿರಿನ ಗಳ. ಸಾರಿಗೆ ಅಂತ ಸಾಕಿದವಕ್ಕೆ ನೆಲದ ಮೇಲೇ ತಗ್ಗು ಗೂಡು. ಅಲ್ಲಿ ರಾಗಿ ಜಾಸ್ತಿ, ಜಾಗ ಕಮ್ಮಿ.

ಮೇಲಿನ ಗೂಡಲ್ಲಿ ಬೂದಿ ಅಂತ ಒಂದು ಕೋಳಿ ಇತ್ತು. ತುಂಬಾ ನಾಚಿಕೆ ಅದಕ್ಕೆ. ಯಾರಾದ್ರೂ ನೋಡ್ತಿದ್ರೆ ಮೊಟ್ಟೆ ಇಡೋಕೇ ಆಗ್ತಿರ್ಲಿಲ್ಲ. ಬಣವೆ ಹಿಂದೆ ಹೋಗಿ ಇಟ್ಟು ಬರ್ತಿತ್ತು. ಅದನ್ನ ಮುಂಗುಸಿ ಒಡೆದು ಕುಡೀತಿತ್ತು.

ಚಿಕ್ಕತಾಯಮ್ಮ ದಿನಾ ಬುಟ್ಟಿಗೆ ಕೈ ಹಾಕಿ ನೋಡೋಳು. ಬೂದಿ ಬುಟ್ಟಿ ಖಾಲಿ. ಇನ್ನೊಂದಿನ ಕೈ ಹಾಕೋಳು. ಖಾಲಿ.

"ಲೇ ಬೂದಿ, ತಿಂದಿದ್ದೆಲ್ಲ ಎಲ್ಲಿಗೆ ಹೋಯ್ತೇ? ಇವತ್ತು ನಮ್ಮಣ್ಣ ಬರ್ತಾನೆ. ಸಾರಿಗಾದ್ರೂ ಆಗು" ಅಂತ ರೆಕ್ಕೆ ಹಿಡಿದು, ಕೆಳಗಿನ ಗೂಡಿಗೆ ತಳ್ಳಿ ಬಾಗಿಲು ಹಾಕಿದ್ಳು.

ಒಳಗೆ ಬರೀ ದಪ್ಪ ದಪ್ಪ ಹುಂಜಗಳು. ಗಿಡ್ಡ ಅನ್ನೋ ಹುಂಜ ಸ್ವಲ್ಪ ಸರೀತು. "ಒತ್ಕೊಂಡು ಕೂತ್ಕೋ ತಂಗಿ. ಮಸಾಲೆ ಅರೀತಿದಾಳೆ, ಕೇಳುಸ್ತಾ?"

ಕೇಳಿಸ್ತು. ಗರ್ ಗರ್. ಗರ್ ಗರ್.

"ಅಣ್ಣಾ, ನಾನು ಮೊಟ್ಟೆ ಇಡ್ತೀನಿ. ನಿಜವಾಗ್ಲೂ!"

"ನಂಗೆ ಹೇಳಿದ್ರೆ ಏನು ಬಂತು? ಅವಳಿಗೆ ಹೇಳು."

ಗಾಬರಿಗೋ ಏನೋ, ಬೂದಿಗೆ ಅಲ್ಲೇ ಮೊಟ್ಟೆ ಬಂದುಬಿಡ್ತು. ಎಲ್ರೂ ನೋಡ್ತಿರುವಾಗ್ಲೇ! ಹುಲ್ಲಿಲ್ಲ, ಬುಟ್ಟಿಯಿಲ್ಲ, ಸುತ್ತ ಬರೀ ಕಾಲು. "ಸರೀರೋ, ತುಳೀಬೇಡ್ರೋ!" ಅಂತ ಗಿಡ್ಡ ಮೊಟ್ಟೆ ಮೇಲೆ ಕಾಲಗಲಿಸಿ ನಿಂತ್ಕೊಂಡ.

ಬಿದಿರಿನ ಸಂದೀಲಿ ಗಾಳಿ ಬಂತು. "ಗಾಳಿಯಪ್ಪ, ಈ ಮೊಟ್ಟೆ ತಗೊಂಡ್ಹೋಗಿ ಅವಳಿಗೆ ತೋರಿಸ್ತೀಯಾ?" ಅಂತ ಬೂದಿ ಕೇಳ್ತು.

"ಮೊಟ್ಟೆ ಹೊರೋ ಶಕ್ತಿ ನಂಗಿಲ್ಲ ಮಗಳೇ. ಸದ್ದು ಕೊಡು, ಹೊರ್ತೀನಿ."

ಅರೆಯೋ ಸದ್ದು ನಿಂತ್ಹೋಯ್ತು. ಹೆಜ್ಜೆ ಸದ್ದು ಶುರುವಾಯ್ತು.

ಬೂದಿ ಬಾಯಿ ತೆಗೀತು. "ಕೊ..."

"ಇಷ್ಟೇ ಇಷ್ಟಾ? ದಾರೀಲೇ ಉದುರಿ ಹೋಗುತ್ತೆ" ಅಂತು ಗಾಳಿ.

ಹೆಜ್ಜೆ ಹತ್ರ ಬಂತು. ಬೂದಿ ರೆಕ್ಕೆ ಮುದುರ್ಕೊಂಡು ಮೂಲೆಗೆ ಸರೀತು. ಆಗ ಗಿಡ್ಡನೇ ಕತ್ತೆತ್ತಿ ಕೂಗಿದ. "ಕೊಕ್ ಕೊಕ್ ಕೊಕ್ಕೋ! ತಂಗಿ, ಜೊತೆಗೆ ಕೂಗು. ನಾನಿದೀನಿ!"

ಬೂದಿ ಕಣ್ಮುಚ್ಕೊಂಡು ಕೂಗ್ತು. "ಕೊಕ್ ಕೊಕ್ ಕೊಕ್ಕೋ!" ಗಾಳಿ ಎರಡೂ ಸದ್ದು ಎತ್ಕೊಂಡು ಓಡ್ತು.

"ಏನ್ರೋ ಗಲಾಟೆ!" ಅಂತ ಚಿಕ್ಕತಾಯಮ್ಮ ಬಾಗಿಲು ತೆಗೆದು ಕೈ ಹಾಕಿದ್ಳು. ಕೈಗೆ ಬೆಚ್ಚಗೆ ಮೊಟ್ಟೆ ತಾಗ್ತು.

"ಅಯ್ಯೋ, ಇಡ್ತೀಯಲ್ಲೇ! ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?" ಬೂದೀನ ಕಂಕುಳಿಗೆ ಸೇರಿಸ್ಕೊಂಡ್ಳು. ಆಮೇಲೆ ಗಿಡ್ಡನ್ನ ನೋಡಿದ್ಳು. "ನೀನ್ಯಾಕೋ ಅರಚಿದ್ದು? ನೀನೂ ಇಟ್ಯಾ?"

ಗಿಡ್ಡ ತಲೆ ತಗ್ಗಿಸಿ ನೆಲ ಕೆದರಿದ.

"ಬಾ, ನೀನೂ ಮೇಲೇ ಇರು. ಇವಳು ಮತ್ತೆ ಸುಮ್ನಾದ್ರೆ ನೀನು ಹೇಳು."

ಅವತ್ತು ಅಣ್ಣನ ಊಟಕ್ಕೆ ಬೇರೆ ಹುಂಜ ಆಯ್ತು. ಯಾವುದು ಅಂತ ಬೂದಿ ಕೇಳ್ಲಿಲ್ಲ.

ಅದಕ್ಕೇ ಇವತ್ತಿಗೂ ಕೋಳಿ ಮೊಟ್ಟೆ ಇಟ್ಟ ತಕ್ಷಣ ಗಾಬರಿಯಾಗಿ ಊರಿಗೆಲ್ಲ ಕೇಳೋ ಹಾಗೆ ಕೂಗುತ್ತೆ, ಒಂದು ಮೊಟ್ಟೇನೂ ಇಡದ ಹುಂಜ ಪಕ್ಕದಲ್ಲಿ ನಿಂತು ಜೊತೆಗೆ ಕೂಗುತ್ತೆ.