ಬಿಚ್ಚಬಾರದ ಓಲೆಕಟ್ಟು

“ಗುರುಗಳೇ, ಹಬ್ಬದ ಆಚರಣೆಯ ಮೂಲ ಕೆದಕಬಾರದು, ಹಿರಿಯರು ಮಾಡಿದಂತೆ ಮಾಡಿಕೊಂಡು ಹೋಗಬೇಕು ಎನ್ನುತ್ತಾರಲ್ಲ, ಏಕೆ?” ಎಂದು ಶಿಷ್ಯ ಕೇಳಿದ.

“ಕೆದಕಿದವನೊಬ್ಬನ ಕತೆ ಹೇಳುತ್ತೇನೆ. ಆಮೇಲೆ ಊಟ ಸೇರಲಿಲ್ಲವೆಂದು ನನ್ನನ್ನು ಬೈಯಬೇಡ” ಎಂದು ಗುರುಗಳು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಪಟೇಲನಿದ್ದ. ಅವನ ದೇವರ ಕೋಣೆಯಲ್ಲಿ ತಾಳೆಗರಿಯ ಒಂದು ಕಟ್ಟು ಇತ್ತು. ಅದರಲ್ಲೊಂದು ಕಾವ್ಯ. ಅದು ತನ್ನ ಅಜ್ಜ ಬರೆದದ್ದೆಂದು ಪಟೇಲ ಎದೆಯುಬ್ಬಿಸಿ ಹೇಳುತ್ತಿದ್ದ. ಪ್ರತಿ ಮಹಾನವಮಿಗೂ ಅದಕ್ಕೆ ಹೊಸದೊಂದು ಕೆಂಪು ವಸ್ತ್ರ ಸುತ್ತಿ ಪೂಜೆ ಮಾಡುವುದು ಆ ಮನೆಯ ಪದ್ಧತಿ. ಹಳೆಯ ವಸ್ತ್ರ ತೆಗೆಯುವಂತಿಲ್ಲ. ಬಿಚ್ಚಿದರೆ ವಂಶ ಉಳಿಯದು ಎಂದು ಪಟೇಲನ ಅಪ್ಪ ಹೇಳಿ ಹೋಗಿದ್ದ. ಸುತ್ತಿ ಸುತ್ತಿ ಕಟ್ಟು ಕುಂಬಳಕಾಯಿಯಷ್ಟು ದಪ್ಪವಾಗಿತ್ತು. ಊರಿಗೆ ಊರೇ ಬಂದು ಕೈಮುಗಿಯುತ್ತಿತ್ತು. ಓದಿದವರು ಮಾತ್ರ ಒಬ್ಬರೂ ಇಲ್ಲ!

ಪಕ್ಕದೂರಿನಲ್ಲಿ ಸಂಕಣ್ಣನೆಂಬ ಮುದುಕನಿದ್ದ. ಕಾವ್ಯ ಹಾಡುವ ಮನೆತನದವನು. ಇದೇ ಕಾವ್ಯದ ಅರ್ಧ ಅವನಿಗೆ ಬಾಯಿಪಾಠ. ಮಿಕ್ಕ ಅರ್ಧ ಅವನ ಮನೆಯಲ್ಲಿ ಯಾರಿಗೂ ಬಾರದು. ಅವನು ಪ್ರತಿ ನವಮಿಗೂ ಬಂದು ಜಗಲಿಯ ಮೇಲೆ ಕೂರುತ್ತಿದ್ದ. “ಪಟೇಲರೇ, ಮುಂದಿನದನ್ನು ಒಂದೇ ಒಂದು ಸಲ ಓದಿಸಿ. ಕೇಳಿ ನಾಲ್ಕು ಜನರಿಗೆ ಕಲಿಸಿ ಸಾಯುತ್ತೇನೆ” ಎಂದು ಅಂಗಲಾಚುತ್ತಿದ್ದ. ಪಟೇಲ ಹೊಟ್ಟೆ ತುಂಬ ಹೋಳಿಗೆ ಹಾಕಿಸಿ ಕಳಿಸುತ್ತಿದ್ದ. ಇವನ ಹಿರಿಯರು ನಮ್ಮಜ್ಜನ ಕಾವ್ಯವನ್ನು ಕದ್ದು ಕೇಳಿ ಕಲಿತಿರಬೇಕು ಎಂದು ಬೆನ್ನ ಹಿಂದೆ ನಗುತ್ತಿದ್ದ.

ಒಂದು ವರ್ಷ ನವಮಿಯ ಬೆಳಿಗ್ಗೆ ನೋಡಿದರೆ, ಕಟ್ಟಿನ ಮೂಲೆಯನ್ನು ಇಲಿ ಕಡಿದು ಹಾಕಿದೆ. ಪಟೇಲನ ಜೀವ ಬಾಯಿಗೆ ಬಂತು. ಗರಿ ಉಳಿದಿದೆಯೋ ಇಲ್ಲವೋ, ನೋಡದೆ ಗತಿಯಿಲ್ಲ. ಬಾಗಿಲು ಹಾಕಿಕೊಂಡ. ತಪ್ಪಾಯಿತು, ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡು ಒಂದೊಂದೇ ವಸ್ತ್ರ ಬಿಚ್ಚಿದ. ಸದ್ಯ, ಗರಿಗಳಿಗೆ ಏನೂ ಆಗಿರಲಿಲ್ಲ. ಮೊದಲನೆಯ ಗರಿಯನ್ನು ಕಣ್ಣಿಗೊತ್ತಿಕೊಂಡು ಓದಿದ.

‘ಇದು ಪಕ್ಕದೂರಿನ ಹಾಡುವವರ ಮನೆಯ ಓಲೆ. ನಕಲು ಮಾಡಿಕೊಳ್ಳಲು ಕೇಳಿ ತಂದಿದ್ದೇನೆ. ಬರುವ ಮಹಾನವಮಿಗೆ ಹಿಂದಿರುಗಿಸುತ್ತೇನೆ.’ ಕೆಳಗೆ ಅಜ್ಜನ ರುಜು.

ಪಟೇಲನಿಗೆ ನಿಂತ ನೆಲ ಕುಸಿದಂತಾಯಿತು. ಮತ್ತೊಮ್ಮೆ ಓದಿದ. ಅಕ್ಷರ ಬದಲಾಗಲಿಲ್ಲ. ಯಾವ ಅಜ್ಜನ ಹೆಸರು ಹೇಳಿಕೊಂಡು ಊರಲ್ಲಿ ತಲೆಯೆತ್ತಿ ನಡೆದಿದ್ದನೋ, ಆ ಅಜ್ಜ ಕೊಟ್ಟ ಮಾತಿಗೆ ತಪ್ಪಿದವನು! ಹೊರಗೆ ಜಗಲಿಯಲ್ಲಿ ಸಂಕಣ್ಣ ಕೆಮ್ಮುವುದು ಕೇಳಿಸಿತು.

ಪಟೇಲ ಓದಿದ ಗರಿಯನ್ನು ಕಟ್ಟಿನೊಳಗೆ ಸೇರಿಸಿದ. ಆಮೇಲೆ ಎಲ್ಲವನ್ನೂ ಮೊದಲಿನಂತೆ ಸುತ್ತಿಟ್ಟು, ಮಗನನ್ನು ಒಳಗೆ ಕರೆದ. “ನೋಡು ಮಗಾ, ಏನೇ ಆಗಲಿ, ಈ ಕಟ್ಟನ್ನು ಬಿಚ್ಚಬಾರದು” ಎಂದ. ಸಂಕಣ್ಣ ಅವತ್ತೂ ಹೋಳಿಗೆ ತಿಂದು ಹೋದ. ದೀಪಾವಳಿಯ ಹೊತ್ತಿಗೆ ತೀರಿಕೊಂಡ. ಅವನಿಗೆ ಬರುತ್ತಿದ್ದ ಅರ್ಧವೂ ಅವನೊಂದಿಗೆ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು.

“ಅಯ್ಯೋ! ಅಜ್ಜನ ತಪ್ಪನ್ನು ತಿದ್ದಲು ಸಿಕ್ಕ ಒಂದೇ ಒಂದು ಅವಕಾಶವನ್ನು ಆ ಪಾಪಿ ಕೈಯಾರೆ ಹಾಳು ಮಾಡಿದನಲ್ಲ!” ಎಂದ ಶಿಷ್ಯ.

“ಒಂದೇ ಎಂದು ಯಾರು ಹೇಳಿದರಯ್ಯ? ಅವನ ಅಪ್ಪ ಅವನಿಗೆ ಬಿಚ್ಚಬೇಡ ಎಂದದ್ದೂ ತಾನು ಬಿಚ್ಚಿ ಓದಿದ ದಿನವೇ.”