ಭರಣಿಯೊಳಗಿನ ಮಿಂಚು

“ಕೇಳ್ರಪ್ಪೋ ಕೇಳ್ರಿ, ಹೊನ್ನಗಲ್ಲಿನ ಅರಸರ ಅಪ್ಪಣೆ. ಅರಮನೆಯ ಗಾಜಿನ ಭರಣಿಯಲ್ಲಿ ಸಿಡಿಯುವ ಮಿಂಚು ಕೆಟ್ಟ ಗಾಳಿಯನ್ನು ತೊಳೆಯುತ್ತದೆ. ಹೇಗೆಂದು ಕೇಳುವ ಒಗಟು ಮೂರು. ಬಿಡಿಸಿದವನು ಕೇಳಿದ್ದು ಅವನದು. ತಪ್ಪಿದವನ ತಲೆ ಅರಸರದು.”

ಡಂಗುರ ಕೇಳಿ ಮಾಳಿಂಗನಿಗೆ ಮೈಯೆಲ್ಲ ಉರಿಯಿತು. ಅರಸನ ಕಂಬ ಬಾಗಿಲುಗಳಿಗೆ ಹೊಳಪು ಕೊಡುವ ಮೆರುಗೆಣ್ಣೆ ಕಾಸುವ ಭಟ್ಟಿ ಇದ್ದದ್ದು ಅವನ ಕೇರಿಯಲ್ಲಿ. ಅದರ ಹೊಗೆ ಕುಡಿದು ಅವನ ತಾಯಿ ಸಂಕವ್ವ ಕೆಮ್ಮಿ ಕೆಮ್ಮಿ ಒಣಗಿಹೋಗಿದ್ದಳು. ಹೊಗೆ ಇಲ್ಲಿ, ಭರಣಿ ಅಲ್ಲಿ. ಇದ್ಯಾವ ನ್ಯಾಯ?

“ತಲೆ ಹೋದೀತೋ ಮಗಾ,” ಎಂದಳು ಸಂಕವ್ವ.

“ನಿನ್ನ ಉಸಿರೇ ಹೋಗ್ತಿರುವಾಗ ನನ್ನ ತಲೆ ಇಟ್ಕೊಂಡು ಏನ್ಮಾಡ್ಲಿ ಅವ್ವಾ?”

ಆಸ್ಥಾನಕ್ಕೆ ಬರುವವರು ಅತ್ತರು ಪೂಸಿಕೊಂಡು ಬರಬೇಕೆಂಬುದು ಅಲ್ಲಿಯ ಪದ್ಧತಿ. ಮಾಳಿಂಗ ಒಲ್ಲೆನೆಂದು ಹೊಗೆ ಮೆತ್ತಿದ ಮೈಯಲ್ಲೇ ಒಳಹೊಕ್ಕ. ಮೊದಲೇ ಬಂದಿದ್ದ ಇಬ್ಬರು ರಾಜಕುಮಾರರು ಅವನನ್ನು ಕಂಡು ಮೂಗು ಮುಚ್ಚಿಕೊಂಡರು.

“ಮಿಂಚು ಸಿಡಿದಾಗ ಗಾಳಿಯಲ್ಲಿ ಕಾಣದ ಕಿಡಿಕೂಸು ಹುಟ್ಟುತ್ತದೆ. ಹುಟ್ಟಿದ ಕೂಡಲೇ ಅದನ್ನು ಮಡಿಲಿಗೆ ಎಳೆದುಕೊಳ್ಳುವವಳು ಯಾರು?” ಎಂದ ಅರಸ.

ರಾಜಕುಮಾರರಲ್ಲಿ ಒಬ್ಬ ಸಭೆಯ ನಡುವಿದ್ದ ಭರಣಿಯ ಮೇಲೆ ಬಗ್ಗಿ ನೋಡಿ “ಬೆಂಕಿ” ಎಂದ. ಇನ್ನೊಬ್ಬನೂ ಬಗ್ಗಿ “ಆಕಾಶ” ಎಂದ. ತಲೆ ಕಡಿಯುವ ದಿನದವರೆಗೆ ಇಬ್ಬರನ್ನೂ ಸೆರೆಗೆ ಎಳೆದೊಯ್ದರು. ಮಾಳಿಂಗ ತಾನೂ ಬಗ್ಗಿ ನೋಡಿದ.

“ಗಾಳಿಯೊಳಗಿನ ತೇವ. ಚಳಿಗಾಲದಲ್ಲಿ ಕಂಬಳಿ ಕೊಡವಿದರೆ ಚಿಟಿಚಿಟಿ ಕಿಡಿ. ಮಳೆಗಾಲದಲ್ಲಿ ಸದ್ದೇ ಇಲ್ಲ. ಕಿಡಿಯನ್ನು ತೇವ ಬಾಚಿಕೊಂಡುಬಿಡುತ್ತದೆ.”

ಅರಸ ಹುಬ್ಬು ಗಂಟಿಕ್ಕಿದ. “ಅವಳ ಮಡಿಲಿಂದ ಕೂಸನ್ನು ಕಸಿಯುವವನು?”

“ವಾಸನೆ. ಅತ್ತರಿನವರು ಬಗ್ಗಿದಾಗ ನೀಲಿ ಮಿಂಚು ಕೆಂಪಾಯಿತು. ಭಟ್ಟಿಯ ಹೊಗೆ ಮೆತ್ತಿದ ನಾನು ಬಗ್ಗಿದಾಗಲೂ ಕೆಂಪೇ ಆಯಿತು. ಕಿಡಿ ವಾಸನೆಯ ಪಾಲಾದದ್ದಕ್ಕೇ ಆ ಬಣ್ಣ. ನಿಮ್ಮ ಘಮಕ್ಕೂ ನಮ್ಮ ನಾತಕ್ಕೂ ಮಿಂಚು ಭೇದ ಮಾಡಲಿಲ್ಲ ದೊರೆಯೇ. ಭೇದ ಮಾಡಿದ್ದು ನೀವು.”

ಅರಸ ಹಲ್ಲು ಕಡಿದು ಕೇಳಿದ, “ಕಸಿದವನ ಗತಿ?”

“ಕೆಂಡ ಕಸಿದವನ ಕೈ ಸುಡದೆ ಇರುತ್ತದೆಯೇ? ಆ ವಾಸನೆ ಒಡೆದು ಚೂರಾಗುತ್ತದೆ, ಗಾಳಿ ತಿಳಿಯಾಗುತ್ತದೆ. ಆದರೆ ಹೊಗೆ ಬರುತ್ತಲೇ ಇದ್ದರೆ ಯಾವ ಮಿಂಚೂ ಸಾಲದು.”

ಮೂರೂ ಸರಿ. ಅರಸ ಬೇಕಾದ್ದು ಕೇಳು ಎಂದ.

“ಭರಣಿ ನಮ್ಮ ಕೇರಿಗೆ ಬರಲಿ. ಭಟ್ಟಿ ನಿಮ್ಮ ಅಂಗಳಕ್ಕೆ ಬರಲಿ.”

“ಆಮೇಲೆ ನಾವು ಉಸಿರಾಡುವುದು ಹೇಗೋ?”

“ನಮ್ಮವ್ವನನ್ನು ಕೇಳಿ. ಅವಳು ಇಷ್ಟು ವರ್ಷ ಅದೇ ಹೊಗೆಯಲ್ಲಿ ಉಸಿರಾಡಿದ್ದಾಳೆ.”

ಕೊಟ್ಟ ಮಾತು, ಅರಸ ತಪ್ಪುವಂತಿರಲಿಲ್ಲ. ಅಂಗಳದಲ್ಲಿ ಭಟ್ಟಿ ಉರಿದದ್ದು ಒಂದೇ ದಿನ. ಸಂಜೆಯೊಳಗೆ ಅರಸ ತಾನೇ ನೀರು ಸುರಿದು ಆರಿಸಿದ. ಒಂದು ಹಗಲು ತಾಳಲಾರದವನು ನೋಡಿ, ಊರವರ ತಲೆ ಕೇಳುತ್ತಿದ್ದವನು.

ಭರಣಿ ಈಗ ಸಂಕವ್ವನ ಪಡಸಾಲೆಯಲ್ಲಿ ಸಿಡಿಯುತ್ತಿದೆ. ಗಾಳಿ ತಿಳಿಯಾಗಿದೆ. ಅವಳ ಕೆಮ್ಮು ಮಾತ್ರ ಹೋಗಿಲ್ಲ, ಮಾಳಿಂಗನ ಸಿಟ್ಟೂ ಹೋಗಿಲ್ಲ.